ಪರದೆಯಾಚೆಯ ಗದಿಗೆವ್ವ

ಬೆಟಗೇರಿಯಲ್ಲಿ ಗೋವಿಂದಪ್ಪನವರ ತಗಡಿನ ಟಾಕೀಜು ಇದ್ದ ಕಾಲದ ಮಾತು. ಹೊಸ ಚಿತ್ರ ತರಿಸುವಷ್ಟು ಶಕ್ತಿ ಅವರಿಗಿರಲಿಲ್ಲ. ಬೇರೆ ಊರುಗಳಲ್ಲಿ ಓಡಿ ಸವೆದ ಹಿಂದಿ, ಮರಾಠಿ ಚಿತ್ರಗಳನ್ನು ಹುಬ್ಬಳ್ಳಿಯಿಂದ ತರಿಸಿ, ಜನ ಮೆಚ್ಚಿದ್ದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ರೀಲುಗಳು ಹರಿಯುತ್ತಿದ್ದವು, ಅಂಟಿಸಿದರೆ ಮತ್ತೆ ಹರಿಯುತ್ತಿದ್ದವು. ಈಗ ಕದ್ದು ಪ್ರೇಮಪತ್ರ ಓದುತ್ತಿದ್ದ ನಾಯಕಿ ಮರುಗಳಿಗೆಗೆ ತೊಟ್ಟಿಲು ತೂಗುತ್ತಿರುವಳು.

ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಕರಿಯ ಪರದೆ ಇರುತ್ತಿತ್ತು. ಚಿತ್ರ ಶುರುವಾದ ಕೂಡಲೇ ಪರದೆಯಾಚೆಯಿಂದ ಒಂದು ಧ್ವನಿ ಏಳುವುದು. “ಈಗ ಆಕಿ ಏನಂತಾಳಂದ್ರ...”

ಅದು ನಮ್ಮ ಓಣಿಯ ಗದಿಗೆವ್ವನ ಧ್ವನಿ. ಆಕೆಯ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಊರಿಗೆ ಮರಳಿ, ಅಣ್ಣನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಹಿತ್ತಲ ಖೋಲಿಯಲ್ಲಿ ಒಬ್ಬಳೇ ಇದ್ದಳು. ಮಕ್ಕಳಿರಲಿಲ್ಲ. ಬಸುರಿಯರ ಕುಬುಸದ ಕಾರ್ಯಕ್ಕಾಗಲಿ, ಉಡಿ ತುಂಬುವುದಕ್ಕಾಗಲಿ ವಿಧವೆಯನ್ನು ಯಾರು ಕರೆಯುತ್ತಾರೆ? ಟಾಕೀಜಿನಲ್ಲಿ ಮಾತ್ರ ಮುತ್ತೈದೆಯರೇ ತಮ್ಮ ನಡುವೆ ಆಕೆಗೆ ಜಾಗ ಹಿಡಿದು, “ಇಲ್ಲೆ ಬಾ ಯಕ್ಕಾ, ನೀ ಇಲ್ಲದ ನಮಗೇನ ತಿಳೀತೈತಿ?” ಎಂದು ಕೈಹಿಡಿದು ಕೂರಿಸಿಕೊಳ್ಳುತ್ತಿದ್ದರು.

ಸೊಲ್ಲಾಪುರದಲ್ಲಿ ಕಲಿತ ಅರೆಬರೆ ಹಿಂದಿ, ಮರಾಠಿ ಆಕೆಯದು. ತಿಳಿಯದಿದ್ದಲ್ಲಿ, ರೀಲು ಹರಿದಿದ್ದಲ್ಲಿ, ತಾನೇ ಕಟ್ಟಿ ಹೇಳುವಳು.

“ಯಕ್ಕಾ, ಇವರ ಮದುವಿ ಯಾವಾಗ ಆತ?” ಎಂದು ನೆರೆಮನೆಯ ಹನಮವ್ವ ಕೇಳಿದಳು ಒಮ್ಮೆ.

“ಹರದ ರೀಲಿನ್ಯಾಗ ಆತವಾ. ಗೋದಿ ಹುಗ್ಗಿ ಮಾಡಿಸಿದ್ರು. ನಿನಗ ಕರದಿದ್ದಿಲ್ಲೇನ?”

ಹೆಂಗಸರು ನಕ್ಕರು, ಪರದೆಯ ಈಚೆಗಿದ್ದ ನಾವು ಗಂಡಸರೂ ನಕ್ಕೆವು. ಬಾಗಿಲು ಕಾಯುತ್ತಿದ್ದ ಶೇಖಸಾಬನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. “ಗದಿಗೆವ್ವ ಸತ್ತವರನ್ನೂ ಎಬ್ಬಸ್ತಾಳ್ರಿ ಮಾಸ್ತರ. ಆದ್ರ ಖರೆ ಕಥಿಕಿಂತ ಆಕಿ ಕಥೀನ ಚಲೋ” ಎಂದು ಶಾಲೆಯ ಮಾಸ್ತರನಾದ ನನ್ನೆದುರು ಹೇಳುತ್ತಿದ್ದ.

ಕರ್ನಾಟಕ ಒಂದಾಯಿತು. ಊರಲ್ಲಿ ಮೆರವಣಿಗೆ ನಡೆಯಿತು. ಶಾಲೆಯಲ್ಲಿ ಪೇಢೆ ಹಂಚಿದೆವು. ಅದುವರೆಗೆ ಅಪರೂಪವಾಗಿದ್ದ ಕನ್ನಡ ಚಿತ್ರಗಳು ಆಮೇಲೆ ಗೋವಿಂದಪ್ಪನವರ ಟಾಕೀಜಿಗೂ ಮೇಲಿಂದ ಮೇಲೆ ಬರತೊಡಗಿದವು. ಮೊದಲ ಚಿತ್ರಕ್ಕೆ ಹನಮವ್ವ ಎಂದಿನಂತೆಯೇ ಜಾಗ ಹಿಡಿದಿದ್ದಳು. ಬೆಳ್ಳಿಪರದೆಯ ಮೇಲೆ ನಾಯಕಿ, “ನಾನು ಹೋಗಿಬರುತ್ತೇನೆ” ಎಂದಳು.

“ಹೋಗಿ ಬರ್ತೀನಿ ಅಂತಾಳ” ಎಂದಳು ಗದಿಗೆವ್ವ.

ಎಲ್ಲರೂ ನಕ್ಕರು. ಗದಿಗೆವ್ವನೂ ನಕ್ಕಳು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಾಯಿ ತೆರೆದಾಗ ಹನಮವ್ವ, “ಯಕ್ಕಾ, ಕನ್ನಡಾನ ಐತಿ” ಎಂದು ಮೆಲ್ಲಗೆ ನೆನಪಿಸಿದಳು. ಮೂರನೆಯ ಸಲ ಹಿಂದಿನಿಂದ ಯಾರೋ, “ಸುಮ್ಮ ಕುಂಡ್ರಬೇ, ಮಾತ ಕೇಳಸವಲ್ಲವು!” ಎಂದು ಗದರಿಸಿದರು.

ಮುಂದಿನ ಚಿತ್ರಕ್ಕೆ ಜಾಗ ಹಿಡಿಯುವುದು ಯಾರಿಗೂ ನೆನಪಾಗಲಿಲ್ಲ. ಯಾರಿಗೂ ಆಕೆಯ ಮೇಲೆ ಸಿಟ್ಟಿರಲಿಲ್ಲ. ಕರೆಯುವ ಕಾರಣ ಉಳಿದಿರಲಿಲ್ಲ, ಅಷ್ಟೇ. ಗದಿಗೆವ್ವ ಗೋಡೆಯ ಬದಿಗೆ ಕುಳಿತು ನೋಡಿ, ಒಬ್ಬಳೇ ಮನೆಗೆ ಹೋದಳು. ನಳದ ಹತ್ತಿರ ಹೆಂಗಸರು ಚಿತ್ರದ ಕಥೆಯನ್ನು ತಾವುತಾವೇ ಮಾತಾಡಿಕೊಳ್ಳುತ್ತಿದ್ದರು. ಆಕೆ ಕೊಡ ತುಂಬಿಸಿಕೊಂಡು ಬರುತ್ತಿದ್ದಳು.

ಒಂದು ಸೋಮವಾರ ಕನ್ನಡ ಚಿತ್ರದ ಪೆಟ್ಟಿಗೆ ಹುಬ್ಬಳ್ಳಿಯಿಂದ ಬರಲಿಲ್ಲ. ಗೋವಿಂದಪ್ಪನವರು ಹಳೆಯ ಹಿಂದಿ ಚಿತ್ರವನ್ನೇ ಹಾಕಿಸಿದರು. ಸುದ್ದಿ ತಿಳಿದ ಗದಿಗೆವ್ವ ಮಧ್ಯಾಹ್ನವೇ ಕೆಲಸ ಮುಗಿಸಿ, ಒಗೆದಿಟ್ಟ ಸೀರೆ ಉಟ್ಟು ಹನಮವ್ವನ ಬಾಗಿಲಿಗೆ ಬಂದಳು.

“ಹನಮವ್ವಾ, ಇವತ್ತ ಹಿಂದೀದ ಐತಿ. ಜಲ್ದಿ ನಡಿ, ಎಲ್ಲಾರ್ನೂ ಕರಿ.”

“ಅದನ್ನ ನೋಡೇವಲ್ಲ ಬಿಡ ಯಕ್ಕಾ. ಕನ್ನಡದ್ದು ಬರ್ಲಿ, ಹೋಗೂಣಂತ.”

ಆ ಸಂಜೆಯ ಆಟಕ್ಕೆ ನಾನೂ ಹೋಗಿದ್ದೆ. ಹೆಂಗಸರ ಕಡೆಗೆ ಬಂದವಳು ಗದಿಗೆವ್ವ ಒಬ್ಬಳೇ. ಚಿತ್ರ ಶುರುವಾದರೂ ಆಕೆಯ ಧ್ವನಿ ಕೇಳಲಿಲ್ಲ. ಶೇಖಸಾಬ ತನ್ನ ಸ್ಟೂಲನ್ನು ಪರದೆಯ ಅಂಚಿಗೆ ಎಳೆದುಕೊಂಡು ಕುಳಿತ.

“ಹೇಳವಾ ಗದಿಗೆವ್ವಾ, ನಾ ಕೇಳ್ತೀನಿ.”

“ನಿನಗ ಹಿಂದಿ ಬರ್ತೈತಲ್ಲೋ ಸಾಬಾ.”

“ಹಿಂದಿ ಬರ್ತೈತಿ. ನಿನ್ನ ಕಥಿ ಬರೂದಿಲ್ಲ.”

ಆಕೆ ಶುರುಮಾಡಿದಳು. ಮೊದಮೊದಲು ತಡವರಿಸಿ, ಆಮೇಲೆ ಹಳೆಯ ಹುರುಪಿನಲ್ಲಿಯೇ ಹೇಳಿದಳು. ತಪ್ಪಿದ್ದಲ್ಲೆಲ್ಲ ಶೇಖಸಾಬ “ಹೌದೇನ!” ಎಂದ. ಮಧ್ಯಂತರಕ್ಕೆ ಗೋವಿಂದಪ್ಪನವರು ಅವನನ್ನು ಹೊರಬಾಗಿಲಿಗೆ ಕರೆದರು. ಅವನಿಗೆ ಮತ್ತೆ ಒಳಗೆ ಬರಲಾಗಲಿಲ್ಲ. ಉಳಿದ ಅರ್ಧ ಚಿತ್ರದುದ್ದಕ್ಕೂ ಪರದೆಯಾಚೆ ನಿಶ್ಶಬ್ದವಾಗಿತ್ತು.

ಆಟ ಬಿಟ್ಟಾಗ ಆಕೆ ಬಾಗಿಲಲ್ಲಿ ಕಂಡಳು. “ಯಾಕವಾ ಗದಿಗೆವ್ವಾ, ಅರ್ಧಕ್ಕ ಬಿಟ್ಟಿ? ಮುಂದ ಏನಾತು?” ಎಂದು ಕೇಳಿದೆ.

“ತಿಳೀಲಿಲ್ಲರಿ ಮಾಸ್ತರ” ಎಂದಳು. “ಕೇಳಾವ್ರ ಇದ್ರ ನನಗೂ ತಿಳೀತಿತ್ತು.”

ಸೆರಗು ಹೊದ್ದುಕೊಂಡು ಓಣಿಯ ಕಡೆಗೆ ನಡೆದಳು. ಆಮೇಲೆ ಆಕೆಯನ್ನು ಟಾಕೀಜಿನಲ್ಲಿ ನಾನು ಕಾಣಲಿಲ್ಲ.