ಹೆಗಲ ಮೇಲೆ ಕೂತು ಮಾತಾಡಿದ ಫೋನು

ಇದು ನಡೆದದ್ದು 2008ರಲ್ಲಿ. ಆ ವರ್ಷ ನನಗೆ ತಿಪಟೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತ್ತು. ನಮ್ಮ ಮನೆ ತುರುವೇಕೆರೆಯಲ್ಲಿ. ಹೈಸ್ಕೂಲು ಮುಗಿಸುವ ಹೊತ್ತಿಗೆ ಕಣ್ಣಿನ ನರ ಒಣಗುವ ಕಾಯಿಲೆ ಬಂದು ನನ್ನ ದೃಷ್ಟಿ ಪೂರ್ತಿ ಹೋಗಿತ್ತು. ಹಾಗಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಣ್ಣ ನಾಗರಾಜನೇ ದಿನಾ ಬಸ್ಸಿನಲ್ಲಿ ಜೊತೆಗೆ ಬಂದು, ತಿಪಟೂರು ಬಸ್ ಸ್ಟ್ಯಾಂಡಿನಿಂದ ಕಚೇರಿವರೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ. ಸಾಯಂಕಾಲ ಮತ್ತೆ ಬರುತ್ತಿದ್ದ. ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಅದಕ್ಕೆ ಬೀಗ ಹಾಕಿಕೊಂಡು ಎಷ್ಟು ದಿನ ಹೀಗೆ ಓಡಾಡಲು ಆಗುತ್ತದೆ?

ಒಂದು ಭಾನುವಾರ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಪದ್ಮಾ, ಗಿರಾಕಿಗಳು ಬಂದ್ ಬಂದ್ ವಾಪಸ್ ಹೋಗ್ತಾವ್ರೆ ಕಣೇ. ನೀನು ಈ ಕೆಲ್ಸ ಬುಟ್‌ಬುಡು. ಮನೇಲಿ ಊಟಕ್ಕೇನ್ ಕಮ್ಮಿ ಆಗೈತಾ?"

"ಊಟಕ್ಕೆ ಅಂತ ನಾನು ಹೋಗ್ತಿಲ್ಲ ಕಣಣ್ಣ. ನೀನ್ ಬರ್‍ಬೇಡ. ಇನ್ಮೇಲೆ ನಾನೊಬ್ಳೇ ಹೋಗ್ತೀನಿ."

"ಆ ರೋಡಲ್ಲಿ ಕಣ್ಣಿರೋರೇ ಓಡಾಡಕ್ಕೆ ಒದ್ದಾಡ್ತಾರೆ."

"ಸ್ವಲ್ಪ ದಿನ ಟೈಮ್ ಕೊಡು. ಆಗ್ಲಿಲ್ಲ ಅಂದ್ರೆ ನೀನ್ ಹೇಳ್ದಂಗೆ ಕೇಳ್ತೀನಿ."

ಅಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣವಿತ್ತು. ಬೆಂಗಳೂರಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು, ಅವರಿಗೂ ಕಣ್ಣು ಕಾಣದು, ಒಂದು ಮಾತಾಡುವ ಫೋನನ್ನು ಬಳಸಿ ನೋಡಲು ಕೊಟ್ಟಿದ್ದರು. ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಇನ್ನೊಂದು ಡಬ್ಬಿ. ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡರೆ ಉಪಗ್ರಹದಿಂದ ನಾವು ಎಲ್ಲಿದ್ದೇವೆ ಎಂದು ತಿಳಿದು ಫೋನಿಗೆ ಹೇಳುತ್ತಿತ್ತು. ಆಗ ನಮ್ಮ ಕಡೆಯ ಊರುಗಳ ರಸ್ತೆಗಳು ಅಂಥ ಫೋನಿನಲ್ಲಿ ಇರುತ್ತಿರಲಿಲ್ಲ. ನಾವೇ ಒಂದು ಸಲ ನಡೆದುಹೋಗಿ ಜಾಗಗಳ ಹೆಸರು ತುಂಬಬೇಕು. ಮುಂದಿನ ಸಲ ಆ ಜಾಗದ ಹತ್ತಿರ ಬಂದಾಗ ಅದು ಹೆಸರು ಕೂಗುತ್ತದೆ.

ಅಣ್ಣನನ್ನು ಒಪ್ಪಿಸಿ ಒಂದು ರಜಾ ದಿನ ಆ ಕೆಲಸ ಮಾಡಿದೆ. ಗಣಪತಿ ಗುಡಿ, ಟೈಲರ್ ಅಂಗಡಿ, ಕೊಬ್ಬರಿ ಮಂಡಿಗಳ ಕಡೆಗೆ ತಿರುಗುವ ಓಣಿ, ಕಚೇರಿ ಗೇಟು, ಎಲ್ಲವನ್ನೂ ತುಂಬಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಆ ಫೋನು ಇಂಗ್ಲಿಷ್ ದೊರೆಗಳ ಹಾಗೆ ಓದುತ್ತಿತ್ತು. ಗಣಪತಿ ಗುಡಿ ಅದರ ಬಾಯಲ್ಲಿ "ಗ್ಯಾನಪಾಟಿ ಗೂಡಿ" ಆಯಿತು. ಅಣ್ಣ ನಕ್ಕೂ ನಕ್ಕೂ ಸಾಕಾಗಿ, "ಇದು ನಿನ್ನ ಕಚೇರಿಗೆ ಕರ್‍ಕೊಂಡೋಗ್ತದೋ ಲಂಡನ್ನಿಗೋ?" ಎಂದ. ರಜಾ ದಿನ ರಸ್ತೆ ಖಾಲಿಯಿತ್ತು. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಗೆದ್ದೆ ಎಂದುಕೊಂಡೆ.

ಮಾರನೆಯ ದಿನ ಒಬ್ಬಳೇ ಬಸ್ಸಿಳಿದು ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಹೊರಟೆ. ಅದು ಏನೋ ಹೇಳಿತು. ಏನೆಂದು ತಿಳಿಯಲಿಲ್ಲ. ಲಾರಿಗಳ ಹಾರನ್, ಆಟೋಗಳ ಕಿರುಚಾಟ, ಕ್ಯಾಸೆಟ್ ಅಂಗಡಿಯ ಹಾಡು, ಎಲ್ಲ ಸೇರಿ ಅದರ ದನಿಯನ್ನು ನುಂಗಿಹಾಕಿದವು. ಬದಿಗೆ ನಿಂತು ಇಯರ್‌ಫೋನ್ ತೆಗೆದು ಎರಡೂ ಕಿವಿಗೆ ಹಾಕಿಕೊಂಡೆ. ಈಗ ಫೋನಿನ ಮಾತು ಚೆನ್ನಾಗಿ ಕೇಳಿಸಿತು. ಗುಡಿ ಬಂತು ಎಂದಿತು. ಟೈಲರ್ ಅಂಗಡಿ ಬಂತು ಎಂದಿತು. ನಾನು ಹುರುಪಿನಿಂದ ಹೆಜ್ಜೆ ಹಾಕಿದೆ.

ಇದ್ದಕ್ಕಿದ್ದ ಹಾಗೆ ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ಆ ರಭಸಕ್ಕೆ ಇಯರ್‌ಫೋನ್ ಕಳಚಿ ಬಿತ್ತು. ಮುಖದ ಮುಂದೆಯೇ ಬಿಸಿ ಗಾಳಿ, ಡೀಸೆಲ್ ಹೊಗೆ. ಓಣಿಯಿಂದ ಹಿಂದಕ್ಕೆ ಬರುತ್ತಿದ್ದ ಕೊಬ್ಬರಿ ಮೂಟೆಯ ಟ್ರ್ಯಾಕ್ಟರು ನಾನು ನಿಂತಿದ್ದ ಜಾಗವನ್ನು ಸವರಿಕೊಂಡು ಹೋಯಿತು. ನನ್ನ ಕೋಲು ಅದರ ಚಕ್ರಕ್ಕೆ ಸಿಕ್ಕಿ ಲಟಕ್ಕನೆ ಮುರಿಯಿತು.

ತೋಳು ಹಿಡಿದವರು ಟೈಲರ್ ಖಲೀಲ್ ಸಾಹೇಬರು. ಮೆಷಿನ್ ಬಿಟ್ಟು ಓಡಿ ಬಂದಿದ್ದರು. ಅವರಿಗೂ ಏದುಸಿರು.

"ಏನಮ್ಮಾ ಇದು? ಅವಾಗಿಂದ ಕೂಗ್ತಾ ಇದೀನಿ, ಟ್ರ್ಯಾಕ್ಟ್ರು ಡ್ರೈವರೂ ಕೂಗ್ತಾನೆ. ಕಣ್ಣಂತೂ ಅಲ್ಲಾ ತಗೊಂಡ. ಕಿವೀನೂ ನೀವೇ ಮುಚ್ಕೊಂಡ್ರೆ ಹೆಂಗೆ?"

ಆ ಮಾತು ನನಗೆ ಚುಚ್ಚಿತು. ಆದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಅಂಗಡಿಯಲ್ಲಿ ಕೂರಿಸಿ ನೀರು ಕೊಟ್ಟರು. ಅಣ್ಣನಿಗೆ ಫೋನು ಮಾಡಿಬಿಡೋಣ ಎನ್ನಿಸಿತು. ಮಾಡಿದರೆ ಅಲ್ಲಿಗೆ ಕಥೆ ಮುಗಿಯಿತು ಎಂದೂ ಗೊತ್ತಿತ್ತು. ಮಾಡಲಿಲ್ಲ. ಸಾಹೇಬರೇ ಕಚೇರಿವರೆಗೆ ಬಿಟ್ಟು ಬಂದರು. ಸಾಯಂಕಾಲ ಮನೆಯಲ್ಲಿ ನಡೆದದ್ದನ್ನು ಹಾಗೆಯೇ ಹೇಳಿದೆ. ಅಣ್ಣ "ಸಾಕು ಕಣೇ" ಎಂದಷ್ಟೇ ಹೇಳಿದ.

"ಕೊಟ್ಟಿರೋ ಟೈಮ್ ಇನ್ನೂ ಐತೆ" ಎಂದೆ.

ಹೊಸ ಕೋಲು ಬರುವವರೆಗೆ ಕಚೇರಿಯ ಸಹೋದ್ಯೋಗಿ ಒಬ್ಬರ ಜೊತೆ ಓಡಾಡಿದೆ. ಆ ದಿನಗಳಲ್ಲಿ ತಲೆಯಲ್ಲಿ ಇದೊಂದೇ ಯೋಚನೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ನೋಡಿದೆ. ಆಗ ಹಾರನ್ ಕೇಳಿಸುತ್ತದೆ, ಆದರೆ ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ. ದಿಕ್ಕು ತಿಳಿಯಲು ಎರಡು ಕಿವಿಯೂ ಬೇಕು. ಕೈಯಲ್ಲಿ ಹಿಡಿದರೆ ಫೋನು ಕೇಳಿಸುವುದಿಲ್ಲ. ಹಾಗಾದರೆ ಕಿವಿಯನ್ನು ಮುಚ್ಚದೆ ಫೋನನ್ನೇ ಕಿವಿಯ ಹತ್ತಿರ ತರಬೇಕು. ಬಸ್ಸಿನಲ್ಲಿ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳುವಾಗ ನನಗೆ ದಾರಿ ಹೊಳೆಯಿತು.

ಖಲೀಲ್ ಸಾಹೇಬರ ಅಂಗಡಿಗೆ ಹೋಗಿ ಪಟ್ಟಿಯ ಮೇಲೆ, ಸರಿಯಾಗಿ ಹೆಗಲಿನ ಜಾಗಕ್ಕೆ, ಒಂದು ಜೇಬು ಹೊಲಿದುಕೊಡಿ ಎಂದೆ. ಅವರು ಹೊಲಿದರು. ಫೋನು ಎದೆಯ ಹತ್ತಿರ ಜೋತುಬಿತ್ತು. ಬಿಚ್ಚಿಸಿದೆ. ಮತ್ತೆ ಹೊಲಿದರು. ಈ ಸಲ ಬಟ್ಟೆ ದಪ್ಪವಾಗಿ ದನಿ ಹೂತುಹೋಯಿತು.

"ಮದುವೆ ಶೇರ್ವಾನಿಗೂ ಇಷ್ಟು ಸಲ ಬಿಚ್ಚಿಲ್ಲಮ್ಮಾ ನಾನು" ಎಂದು ಗೊಣಗಿದರು. ಆದರೂ ಬಿಡದೆ, ಸ್ಪೀಕರ್ ಇರುವ ಕಡೆ ತೆಳ್ಳನೆಯ ಬಲೆ ಬಟ್ಟೆ ಕೊಟ್ಟು ಮತ್ತೊಂದು ಹೊಲಿದರು. ಈಗ ಫೋನು ಹೆಗಲ ಮೇಲೆ ಗಿಣಿಯ ಹಾಗೆ ಕೂತು ಕಿವಿಯ ಪಕ್ಕದಲ್ಲೇ ಮಾತಾಡಿತು.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ದೊಡ್ಡ ಲಾರಿ ಹಾದುಹೋದರೆ ಆಗಲೂ ಮಾತು ಮುಳುಗುತ್ತಿತ್ತು. ಆಗ ನನಗೆ ನಾನೇ ಒಂದು ಕಟ್ಟಪ್ಪಣೆ ಮಾಡಿಕೊಂಡೆ: ಮಾತು ತಿಳಿಯದಿದ್ದರೆ ಹೆಜ್ಜೆ ಇಡಕೂಡದು. ಗೋಡೆಗೆ ಬೆನ್ನು ಕೊಟ್ಟು ನಿಂತು, ಗುಂಡಿ ಒತ್ತಿ, ಮತ್ತೊಮ್ಮೆ ಹೇಳಿಸಿಕೊಳ್ಳಬೇಕು. ತಡವಾದರೆ ಆಗಲಿ.

ಅಣ್ಣನನ್ನು ಕರೆದೆ. "ಕೊಬ್ಬರಿ ಹರಾಜಿನ ದಿನಾನೇ ಬಾ. ನನ್ನ ಹಿಂದೆ ನಡಿ. ಆದ್ರೆ ಒಂದು ಮಾತೂ ಆಡಕೂಡ್ದು, ಮುಟ್ಟಕೂಡ್ದು."

"ಏನಾದ್ರೂ ಆದ್ರೆ?"

"ನಾನು ಕರೆದ್ರೆ ಮಾತ್ರ ಬಾ."

ಹರಾಜಿನ ದಿನ ತಿಪಟೂರಿನ ಸದ್ದು ಗೊತ್ತಿದ್ದವರಿಗೇ ಗೊತ್ತು. ಲಾರಿ, ಟೆಂಪೋ, ಎತ್ತಿನಗಾಡಿ, ಹಮಾಲರ ಕೂಗು. ಗುಡಿಯ ಹತ್ತಿರ ಫೋನು ಹೇಳಿದ್ದು ತಿಳಿಯಲಿಲ್ಲ. ನಿಂತೆ, ಮತ್ತೆ ಕೇಳಿದೆ, ನಡೆದೆ. ಯಾರೋ ಹೆಂಗಸು, "ಎಲ್ಲಿಗೆ ಹೋಗ್ಬೇಕವ್ವಾ?" ಎಂದು ಕೈ ಹಿಡಿಯಲು ಬಂದರು. "ಗೊತ್ತೈತೆ ಕಣಮ್ಮಾ, ಹೋಗ್ತೀನಿ" ಎಂದೆ.

ಕೋಲಿಗೆ ಗೋಡೆ ಸಿಗದಾಯಿತು, ಓಣಿಯ ಬಾಯಿ ಬಂತು. ಅದೇ ಜಾಗ. ಆದರೆ ಫೋನು, ನಾನು ಆಗಲೇ ಅದನ್ನು ದಾಟಿದ್ದೇನೆ ಎಂದುಕೊಂಡು, ಮುಂದಿನ ಕಚೇರಿ ಗೇಟಿನ ಹೆಸರು ಕೂಗಿತು. ಒಂದಿಷ್ಟು ಅಡಿ ಹಿಂದೆ ಮುಂದೆ ಆಗುವುದು ಅದಕ್ಕೆ ಮಾಮೂಲು. ಎಡಗಡೆಯಿಂದ ಒಂದು ಇಂಜಿನ್ ಗುರುಗುಟ್ಟುವುದು ನನ್ನ ತೆರೆದ ಕಿವಿಗೆ ಬಿತ್ತು. ಸದ್ದು ಹತ್ತಿರವಾಗುತ್ತಿತ್ತು. ಎತ್ತಿದ ಹೆಜ್ಜೆಯನ್ನು ಹಿಂದಕ್ಕೆ ಇಟ್ಟೆ. ಹೆಗಲ ಮೇಲಿನ ಫೋನು ಗೇಟು ಗೇಟು ಎನ್ನುತ್ತಲೇ ಇತ್ತು. ನಾನು ಕದಲಲಿಲ್ಲ. ಗಾಡಿ ನಿಧಾನವಾಗಿ ಹೊರಬಂದು, ತಿರುಗಿ, ದೂರ ಹೋಗುವವರೆಗೂ ನಿಂತೆ. ಆಮೇಲೆ ಕೋಲು ಮುಂದೆ ಚಾಚಿ ಓಣಿ ದಾಟಿದೆ.

ಕಚೇರಿಯ ಗೇಟು ಕೈಗೆ ಸಿಕ್ಕಾಗ ಹಿಂತಿರುಗಿ "ಅಣ್ಣಾ" ಎಂದೆ. ಹತ್ತಿರದಲ್ಲೇ ಇದ್ದ.

"ಆ ಗಾಡಿ ಬಂದಾಗ ಕೂಗಿಬುಡ್ತಿದ್ದೆ ಕಣೇ. ಬಾಯಿಗೆ ಟವೆಲ್ ತುರುಕ್ಕೊಂಡು ನಿಂತಿದ್ದೆ."

ನನಗೆ ನಗು ಬಂತು, ಅಳುವೂ ಬಂತು. ಅವನು ಮೂಗು ಒರೆಸಿಕೊಂಡು, "ಸರಿ, ಅಂಗಡಿ ತೆಗೀಬೇಕು, ಬತ್ತೀನಿ" ಎಂದ. ಸಾಯಂಕಾಲ ಬರುತ್ತೇನೆ ಎನ್ನಲಿಲ್ಲ. ಅವನ ಚಪ್ಪಲಿಯ ಸದ್ದು ಬಸ್ ಸ್ಟ್ಯಾಂಡಿನ ಕಡೆಗೆ ಹೋಗಿ ಆ ಗದ್ದಲದಲ್ಲಿ ಕರಗಿತು.

ಮೇಷ್ಟ್ರಿಗೆ ಫೋನು ಮಾಡಿ, ಯಂತ್ರ ಚೆನ್ನಾಗಿದೆ, ಆದರೆ ಅದನ್ನು ಪೂರ್ತಿ ನಂಬಿ ರಸ್ತೆಗೆ ಇಳಿಯಬಾರದು ಎಂದು ಎಲ್ಲರಿಗೂ ತಿಳಿಸಿ ಎಂದೆ. ಈಗ ಅದಕ್ಕಿಂತ ಜಾಣ ಫೋನುಗಳು ಬಂದಿವೆ, ಕನ್ನಡದಲ್ಲೇ ಮಾತಾಡುತ್ತವೆ. ಆದರೂ ಯಾವುದೇ ಹೊಸ ಊರಿಗೆ ಹೋದರೂ ಬಸ್ಸಿಳಿದ ಕೂಡಲೇ ನಾನು ಫೋನು ತೆಗೆಯುವುದಿಲ್ಲ. ಮೊದಲು ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಆ ಊರು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡು, ಆಮೇಲೆ ಹೊರಡುತ್ತೇನೆ.