ಅಪ್ಪ ಹಾಕಿಸಿದ ಗಾರ್ಡು

ನಾನು ಪಾಠ ಮಾಡುವ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಒಂದು ಪ್ರೆಸ್ ಇದೆ. ತೆಳು ಅಲ್ಯೂಮಿನಿಯಂ ಕೊಳವೆಯೊಳಗೆ ಫೋಮ್ ತುಂಬಿ, ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಅದುಮುತ್ತೇವೆ. ಅದು ಸೀರೆಯ ನೆರಿಗೆಯ ಹಾಗೆ ಮಡಚಿಕೊಳ್ಳುತ್ತಾ ಕುಳ್ಳಗಾಗುತ್ತದೆ. ಗಾಡಿಯ ಬಂಪರಿನ ಹಿಂದೆಯೂ ಇಂಥ ಎರಡು ತೆಳು ಕೊಳವೆಗಳಿರುತ್ತವೆ. ಗುದ್ದಿದಾಗ ಅವು ಮುದುಡಿ ಏಟನ್ನು ತಾವೇ ತಿನ್ನಬೇಕು, ಒಳಗೆ ಕೂತವನಿಗೆ ಬಿಡಬಾರದು. ಅವು ಇರುವುದೇ ಹಾಳಾಗಲಿಕ್ಕೆ. ಇದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸುತ್ತೇನೆ. ಅಪ್ಪನಿಗೆ ಮಾಡಿಸಲಾಗಲಿಲ್ಲ.

ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಆನೆ ತಡೆಯಲು ಕಾಡಂಚಿಗೆ ರೈಲು ಕಂಬಿಯ ಬೇಲಿ ಹಾಕುವ ಸೀಮೆ ಇದು. ಇಲ್ಲಿ ಯಾವ ವಸ್ತುವನ್ನು ಹೊಗಳಬೇಕಾದರೂ 'ಆನೆ ಬಂದ್ರೂ ಅಲ್ಲಾಡಲ್ಲ' ಅನ್ನಬೇಕು. ಶುಂಠಿ ಸಾಗಿಸಲು ನನ್ನ ತಮ್ಮ ಹೊಸ ಪಿಕಪ್ ತಂದಾಗ ಅಪ್ಪ ಅದನ್ನು ನೇರ ವೆಲ್ಡಿಂಗ್ ಅಂಗಡಿಗೇ ಬಿಡಿಸಿದರು. ವೆಲ್ಡರ್ ಬಂಪರ್ ಬಿಚ್ಚಿ, ಆ ಕೊಳವೆಗಳನ್ನು ಬೆರಳಲ್ಲಿ ತಟ್ಟಿ, "ಬರೀ ತಗಡು ಯಜಮಾನ್ರೇ, ಕಂಪ್ನಿಯೋರು ಟೋಪಿ ಹಾಕವ್ರೆ" ಎಂದನಂತೆ. ಅಪ್ಪ ಎರಡನ್ನೂ ಕತ್ತರಿಸಿ ತೆಗೆಸಿ, ಆ ಜಾಗಕ್ಕೆ ದಪ್ಪ ಕಬ್ಬಿಣದ ಪೈಪು ಕೂರಿಸಿ, ಅದರೊಳಗೆ ಕಾಂಕ್ರೀಟ್ ತುಂಬಿಸಿ, ಮುಂದೆ ಗಾರ್ಡು ಹಾಕಿಸಿಕೊಂಡು ಬಂದರು.

ನಾನು ಕೂಗಾಡಿದೆ. "ಅದು ನಜ್ಜುಗುಜ್ಜಾಗ್ಬೇಕಪ್ಪಾ! ಅದಾಗ್ದಿದ್ರೆ ಇವನಾಗ್ತಾನೆ!"

"ಬಿಡ್ತು ಅನ್ನವ್ವ! ಹೊಸಾ ಗಾಡಿ ಮುಂದೆ ನಿಂತ್ಕೊಂಡು ಇಂಥ ಮಾತಾ?" ಎಂದು ಅಪ್ಪ ಗದರಿದರು.

ತಮ್ಮ ನಗುತ್ತಿದ್ದ. "ಅಕ್ಕಂಗೆ ಮಡಚ್ಕೊಳೋದೇ ಇಷ್ಟ. ಒಂದು ಕೊಡೆ ಕೊಡ್ಸಣ ಬಿಡಪ್ಪಾ."

ಆ ವರ್ಷದ ಶುಂಠಿ ಕೀಳುವಾಗಲೇ ಆಯಿತು. ಲೋಡು ತುಂಬಿಕೊಂಡು ಬರುತ್ತಿದ್ದವನು ತಿರುವಿನಲ್ಲಿ ಅಡ್ಡ ಬಂದ ದನ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದ. ಮರದ ತೊಗಟೆ ಎದ್ದುಹೋಗಿತ್ತು. ಗಾರ್ಡಿನ ಬಣ್ಣ ಮಾತ್ರ ಕೆರೆದುಹೋಗಿತ್ತು. ಬೆಲ್ಟ್ ಹಾಕಿದ್ದರಿಂದ ತಮ್ಮನ ಮೈಮೇಲೂ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಮೈಯೊಳಗೆಲ್ಲ ಒಡೆದಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ಹೋದ.

ತಿಥಿಗೆ ಬಂದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಅಂಗಳದಲ್ಲಿ ನಿಂತಿದ್ದ ಪಿಕಪ್ಪನ್ನು ಸುತ್ತು ಹಾಕಿದರು. "ಏನ್ ಗಟ್ಟಿ ಗಾಡಿ ಅಂತೀರಾ! ಒಂದ್ ಚೂರೂ ಸೊಟ್ಟಗಾಗಿಲ್ಲ. ಅವ್ನ ಹಣೇಬರ, ಅಷ್ಟೇ." ಹಣೆಬರಹವಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಆ ವೆಲ್ಡರನೂ ಬಂದಿದ್ದ, ಪಾಯಸ ಕೇಳಿ ಹಾಕಿಸಿಕೊಂಡು ಉಂಡಿದ್ದ. ಅಂಗಳದ ನಡುವೆ ನಿಂತು ಎಲ್ಲರ ಮುಖಕ್ಕೂ ಹೊಡೆದ ಹಾಗೆ ಹೇಳಿಬಿಡುತ್ತೇನೆ ಎಂದು ಎದ್ದೆ.

ಅಷ್ಟರಲ್ಲಿ ಅಪ್ಪ ಬಂದು ನನ್ನ ಕೈ ಹಿಡಿದುಕೊಂಡರು. ಅನ್ನ ನೀರು ಬಿಟ್ಟು ಅರ್ಧಕ್ಕರ್ಧ ಇಳಿದುಹೋಗಿದ್ದರು. "ನೀನು ಓದ್ದೋಳು, ಸುಳ್ಳು ಹೇಳ್ಬೇಡ ಕಣವ್ವ. ಗಾರ್ಡ್ ಇದ್ದಿದ್ಕೆ ತಾನೇ ಅವ್ನು ಆಸ್ಪತ್ರೆ ತನಕನಾದ್ರೂ ಉಸ್ರು ಹಿಡ್ಕೊಂಡ್ ಬಂದಿದ್ದು?"

ಆ ಮುಖ ನೋಡಿಕೊಂಡು ಇನ್ನೇನು ಹೇಳಲಿ?

"ಹೂಂ ಅಪ್ಪಾ. ಅದಕ್ಕೇ" ಎಂದೆ.

ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈ ಬಿಡದೆಯೇ ವೆಲ್ಡರನನ್ನು ಹತ್ತಿರ ಕರೆದರು.

"ನಂಗಿನ್ನು ಇರೋದು ಇವಳೊಬ್ಳೇ. ಇವಳ ಕಾರ್‌ಗೂ ಹಂಗೇ ಒಂದು ಹಾಕ್ಕೊಡಪ್ಪ."