ಕಂಪನಿ ಗಾಡಿಯ ಕೈಗುಣ

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಂತರೆ ಇಳಿಯುವವರಿಗಿಂತ ಮೆಣಸಿನಕಾಯಿ ಬಜಿ ಕೊಳ್ಳುವವರೇ ಹೆಚ್ಚು. ನಿಲ್ದಾಣದ ಪಕ್ಕದ ತಗಡಿನ ಡಬ್ಬಿ ಅಂಗಡಿ ನನ್ನ ಚಿಗವ್ವನದು. ಒಂದು ಒಲೆ, ಒಂದು ಬಾಣಲೆ, ಒಂದು ಚೀಲ ಮಂಡಕ್ಕಿ. ಕಾಕ ತೀರಿಕೊಂಡ ಮೇಲೆ ಅದೇ ಅವಳ ಸಂಸಾರ. ಅವಳಿಗೆ ಮಕ್ಕಳಿಲ್ಲ. ನಾನೇ ಮಗನಂತೆ ಎಂದು ಊರವರು ಹೇಳುತ್ತಾರೆ. ಅವಳು ಒಮ್ಮೆಯೂ ಹಾಗೆ ಹೇಳಿದವಳಲ್ಲ, ಆದರೆ ಬೈಯುವುದರಲ್ಲಿ ಹೆತ್ತ ತಾಯಿಗೇನೂ ಕಡಿಮೆ ಇರಲಿಲ್ಲ.

ಅವಳಿಗೆ ಬಿಪಿ ಇತ್ತು. ಮನಸ್ಸು ಬಂದಾಗ ಕೊಟ್ಟೂರಿಗೆ ಬಂದು, ನನ್ನ ಬೀಜ–ಗೊಬ್ಬರದ ಅಂಗಡಿಯಲ್ಲಿ ಕೈಚೀಲ ಇಟ್ಟು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಗುಳಿಗೆ ತರುತ್ತಿದ್ದಳು. ಮನಸ್ಸು ಬಾರದಿದ್ದರೆ ಇಲ್ಲ. ಅಷ್ಟರಲ್ಲಿ ಊರಿಗೆ ಕಂಪನಿ ಗಾಡಿ ಬಂತು. ಬಿಳಿ ಬಣ್ಣದ ಸಂಚಾರಿ ಆಸ್ಪತ್ರೆ, ಮೈತುಂಬ ಕಂಪನಿಯ ಹೆಸರು. ಆ ಕಂಪನಿ ಏನು ತಯಾರಿಸುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬುಧವಾರ ಬುಧವಾರ ಪಂಚಾಯ್ತಿ ಕಟ್ಟೆಯ ಮುಂದೆ ಬಂದು ನಿಲ್ಲುತ್ತಿತ್ತು, ಅಷ್ಟು ಸಾಕು.

ಗಾಡಿಯಲ್ಲಿ ಒಬ್ಬ ವೈದ್ಯೆ ಇದ್ದರು. ಚಿಗವ್ವನ ಕೈ ಹಿಡಿದು, ಬಜಿಯ ಹಿಟ್ಟಿಗೆ ಎಷ್ಟು ಉಪ್ಪು ಹಾಕುತ್ತೀ, ರುಚಿ ನೋಡುವ ನೆಪದಲ್ಲಿ ಎಷ್ಟು ತಿನ್ನುತ್ತೀ ಎಂದು ಗದರುತ್ತಿದ್ದರು. ಊರಿಗೆಲ್ಲ ಗದರುವ ಹೆಂಗಸು ಅವರ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದಳು. ಅವರು ಕೊಟ್ಟ ಗುಳಿಗೆ ತಪ್ಪಲಿಲ್ಲ, ತಲೆಸುತ್ತು ನಿಂತಿತು. ಆ ಡಾಕ್ಟರಮ್ಮನ ಕೈಗುಣ ದೊಡ್ಡದು ಎಂದು ಬಸ್ಸಿನವರಿಗೆಲ್ಲ ಸಾರಿದಳು.

ಕೈಗುಣ ಎಂದರೆ ನಮ್ಮ ಕಡೆ ತಮಾಷೆಯ ಮಾತಲ್ಲ. ನನ್ನ ಅಂಗಡಿಯಲ್ಲೇ ಮೆಕ್ಕೆಜೋಳದ ಬೀಜದ ಮೊದಲ ಚೀಲ ನನ್ನ ಕೈಯಿಂದಲೇ ಬೇಕು ಎಂದು, ನಾನು ಊಟ ಮುಗಿಸಿ ಬರುವ ತನಕ ಕಾಯುವ ಗಿರಾಕಿಗಳಿದ್ದಾರೆ. ಆ ನಂಬಿಕೆಯಿಂದ ನಾನೂ ನಾಲ್ಕು ಕಾಸು ನೋಡಿದವನು. ಚಿಗವ್ವನ ಮಾತಿಗೆ ನಗಲು ನನಗೆ ಯಾವ ಮುಖವಿತ್ತು?

ಒಂದು ಯುಗಾದಿ ಕಳೆದ ಮೇಲೆ ಗಾಡಿ ಬರಲಿಲ್ಲ. ಮುಂದಿನ ಬುಧವಾರವೂ ಇಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಹೆಂಗಸರು ಹೊತ್ತು ಇಳಿಯುವವರೆಗೆ ಕೂತು ಎದ್ದು ಹೋದರು. ನಾನು ಅವರಿವರನ್ನು ಕೇಳಿ ತಿಳಿದುಕೊಂಡೆ: ಯೋಜನೆಯ ಅವಧಿ ಮುಗಿದಿತ್ತು. ಶುರುವಾದಾಗ ಪೆಂಡಾಲು ಹಾಕಿ, ಟೇಪು ಕತ್ತರಿಸಿ, ಮೈಕಿನಲ್ಲಿ ಮಾತಾಡಿದ್ದರು. ಮುಗಿಯಿತು ಎಂದು ಹೇಳಲು ಒಬ್ಬನೂ ಬರಲಿಲ್ಲ. ನೆಂಟರ ಮನೆಯಿಂದ ಹೊರಡುವಾಗಲೂ ಜನ ಹೋಗಿ ಬರುತ್ತೇವೆ ಅನ್ನುತ್ತಾರೆ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಚಿಗವ್ವನ ಹತ್ತಿರ ಉಳಿದ ಗುಳಿಗೆ ಸ್ವಲ್ಪ ಇತ್ತು. ಅಡಕೆ ಕತ್ತರಿಸುವ ಅಡಕೊತ್ತಿನಲ್ಲಿ ಒಂದೊಂದನ್ನೂ ಎರಡು ಹೋಳು ಮಾಡಿದಳು. ಹೋಳು ನುಂಗಿದರೂ ಏನೂ ಆಗಲಿಲ್ಲ. ಬಿಪಿಯೆಂಬುದು ಹಾಗೆಯೇ, ಒಳಗೆ ಏರುವಾಗ ಸದ್ದು ಮಾಡುವುದಿಲ್ಲ. ಅವಳಿಗೆ ಧೈರ್ಯ ಬಂದು ದಿನ ಬಿಟ್ಟು ದಿನ ನುಂಗತೊಡಗಿದಳು. ಪಕ್ಕದ ಮನೆಯ ಮುದುಕಿಗೂ ತಲೆಸುತ್ತು ಎಂದು, ಹೆಪ್ಪಿಗೆ ಮಜ್ಜಿಗೆ ಕೊಟ್ಟ ಹಾಗೆ, ನಾಲ್ಕು ಹೋಳು ಅತ್ತ ಕೊಟ್ಟಳು.

ಗೊತ್ತಾದ ದಿನವೇ ನಾನು ಸರ್ಕಾರಿ ಆಸ್ಪತ್ರೆಯಿಂದ ಗುಳಿಗೆ ತಂದೆ. ಎರಡೂ ಒಂದೇ ಔಷಧಿ, ಮೇಲಿನ ಹಾಳೆ ಮಾತ್ರ ಬೇರೆ ಎಂದು ಪಕ್ಕಪಕ್ಕ ಇಟ್ಟು ತೋರಿಸಿದೆ. ಅವಳು ಕೇಳಿಸಿಕೊಂಡಳು.

"ಔಷಧ ಒಂದ ಇರಬೌದು, ಕೊಟ್ಟ ಕೈ ಒಂದಲ್ಲ. ಆಕಿ ಬರ್ತಾಳ, ತಡಿ" ಎಂದಳು.

ಬರುವುದಿಲ್ಲ ಎಂದೆ. ಕೂಗಾಡಿದೆ. ನಾನು ತಂದ ಗುಳಿಗೆಯನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟು, ಬೇಸರ ಮಾಡಿಕೊಳ್ಳಬೇಡ, ಅದು ಮುಗಿದ ಮೇಲೆ ಇದನ್ನೇ ನುಂಗುತ್ತೇನೆ ಎಂದು ನನ್ನನ್ನು ಸಾಗಹಾಕಿದಳು. ಹೋಗಿ ಬಂದಾಗಲೆಲ್ಲ ನೋಡುತ್ತಿದ್ದೆ. ಹಾಳೆ ಬಿಚ್ಚಿರಲಿಲ್ಲ.

ಅದೊಂದು ಬೆಳಗ್ಗೆ ಬಸ್ಸು ನಿಂತಾಗ ಅವಳು ಹಿಟ್ಟಿನಲ್ಲದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳದೆ ನೆಲಕ್ಕೆ ಬಿತ್ತಂತೆ. ಇನ್ನೊಂದು ಎತ್ತಿದಳು, ಅದೂ ನೆಲಕ್ಕೆ. ಕಂಡಕ್ಟರ್ ಮೊದಲು ನಕ್ಕ, ಆಮೇಲೆ ಅವಳ ಬಾಯಿ ವಾರೆಯಾದದ್ದು ನೋಡಿ ಓಡಿಬಂದು ಒಲೆ ಆರಿಸಿದ. ನಾವು ದಾವಣಗೆರೆಗೆ ಹೊತ್ತೊಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಡಬ್ಬಿ ಅಂಗಡಿಗೆ ಬೀಗ ಬಿತ್ತು. ಅವಳನ್ನು ಕೊಟ್ಟೂರಿನ ನಮ್ಮ ಮನೆಗೆ ಕರೆತಂದೆ. ಇನ್ನೊಬ್ಬರ ಕೈಯಿಂದ ಒಂದು ತುತ್ತು ತಿನ್ನದಿದ್ದವಳಿಗೆ ನನ್ನ ಹೆಂಡತಿ ಅನ್ನ ಕಲಸಿ ಉಣಿಸುವಾಗ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮರುವರ್ಷ ಗಾಲಿಕುರ್ಚಿಯ ಸುದ್ದಿ ಬಂತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆ ಹಂಚುತ್ತಿದ್ದಾರೆ, ನಿಮ್ಮ ಚಿಗವ್ವನ ಹೆಸರೂ ಬರೆಸಿದ್ದೇವೆ ಎಂದು ಪರಿಚಯದವರು ಹೇಳಿದರು. ಕುರ್ಚಿ ಮನೆಗೇ ಬಂತು. ಬೆನ್ನಿನ ರೆಕ್ಸಿನ್ ಮೇಲೆ ಅದೇ ಕಂಪನಿಯ ಹೆಸರಿತ್ತು. ತಂದವನು ಮೈಸೂರು ಕಡೆಯ ವಿನಯವಂತ ಹುಡುಗ. ಚಪ್ಪಲಿ ಹೊರಗೆ ಬಿಟ್ಟು ಬಂದು, ಅಮ್ಮಾ ಎಂದು ಅವಳ ಕಾಲ ಬಳಿ ಕೂತ. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಕುರ್ಚಿಯಲ್ಲಿ ಕೂರಿಸಿದೆವು. ಚಿಗವ್ವ ಏನೋ ತೊದಲಿದಳು. ಅವನಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ಗುಳಿಗೆ ಗಾಡಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾಳೆ ಎಂದೆ.

ಅವನು "ಆರೋಗ್ಯ ನಮ್ಮ ಕಾರ್ಯಕ್ರಮದಲ್ಲಿ ಈಗ ಇಲ್ಲ ಸಾರ್. ಈ ವರ್ಷದಿಂದ ಅಂಗವಿಕಲರಿಗೆ ಮಾತ್ರ" ಎಂದ.

ಚಿಗವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಒಂದೊಂದೇ ಮಾತನ್ನು ಎಳೆದು ಎಳೆದು ಹೇಳಿದಳು.

"ಅಂದ್ರ... ನಾನೀಗ... ಅದರಾಗ ಬಂದೆ."

ಏನಂದರು ಸಾರ್ ಎಂದು ಅವನು ಕೇಳಿದ. ನಾನು ಬಗ್ಗಿ ಅವಳ ಬಲಗಾಲನ್ನು ಕುರ್ಚಿಯ ಪಾದದ ಹಲಗೆಯ ಮೇಲೆ ಎತ್ತಿಟ್ಟೆ. ಅವನು ಫೋಟೊ ತೆಗೆಯಲು ಮೊಬೈಲ್ ಎತ್ತಿದ. ಚಿಗವ್ವ ಸೆರಗು ಸರಿಮಾಡಿಕೊಂಡು ಅವನತ್ತ ನೋಡಿದಳು.